ಗುರುತಲ್ಲ, ಮನ್ನಣೆ

"ಯಾರ್ರೀ ಅದು? ನನ್ನ ಪುಸ್ತಕದ ಮೈತುಂಬಾ ಹೀಗೆ ಗೀಚಿರೋ ಮಹಾನುಭಾವರು ಯಾರು?"

ಪ್ರೂಫ್ ಹಾಳೆಗಳನ್ನು ಹಿಡಿದು ಅವಳು ನುಗ್ಗಿದ ಅಚ್ಚುಮನೆಯ ಮಾಳಿಗೆಯಲ್ಲಿ ಮೂರು ಮೇಜುಗಳಿದ್ದವು. ಎರಡು ಮೇಜಿನವರು ಒಟ್ಟಿಗೇ ಮೂರನೆಯದರತ್ತ ಕೈ ತೋರಿಸಿಬಿಟ್ಟರು.

ಅಲ್ಲಿ ಕೂತಿದ್ದವನು ನಿಧಾನವಾಗಿ ತಲೆ ಎತ್ತಿದ. ಮೂವತ್ತೇಳರ ಆಸುಪಾಸು. ಪ್ರೂಫ್ ರೀಡರ್. ಅವನ ಕಣ್ತಪ್ಪಿಸಿ ಒಂದು ಕೊಂಬೂ ಹೋಗದು ಎಂದು ಪ್ರೆಸ್ಸಿನವರೆಲ್ಲ ಅವನನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು.

"ನಾನೇ ಮೇಡಂ. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ! ಹನ್ನೊಂದು ವರ್ಷ ರೀ... ಹನ್ನೊಂದು ವರ್ಷ ಕೂತು ಬರೆದಿದ್ದೀನಿ ಇದನ್ನ!"

ಸುಳ್ಳಲ್ಲ ಅದು. ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಅವಳನ್ನು ವಿದ್ಯಾರ್ಥಿಗಳು 'ಜರ್ಮನ್ ಮೇಡಂ' ಎನ್ನುತ್ತಿದ್ದರು. ಇನ್ನೂರು ವರ್ಷಗಳ ಹಿಂದಿನ ಜರ್ಮನ್ ಆದರ್ಶವಾದಿಗಳನ್ನು ಮೂಲದಲ್ಲೇ ಓದಬೇಕೆಂದು ಆ ಭಾಷೆಯನ್ನು ಕಲಿತವಳು. ಮನಸ್ಸಿಲ್ಲದೆ ಜಗತ್ತಿಗೆ ರೂಪವಿಲ್ಲ, ಇನ್ನೊಬ್ಬರಿಲ್ಲದೆ 'ನಾನು' ಎಂಬುದೂ ಇಲ್ಲ ಎಂಬ ಅವರ ವಿಚಾರಕ್ಕೆ ಮನಸೋತವಳು. ಎಂಟು ಲೇಖನ ಬರೆದಿದ್ದಳು; ಐದು ವಾಪಸು ಬಂದಿದ್ದವು. "ನಿಮಗ್ಯಾಕಮ್ಮ ಈ ಒಣ ತತ್ವ?" ಎಂದು ಮುಖಕ್ಕೇ ಹೇಳಿದವರೂ ಉಂಟು. ಸಾಕಿ ಬೆಳೆಸಿದ ಚಿಕ್ಕಮ್ಮ ಮಾತ್ರ, ಒಂದಕ್ಷರ ಅರ್ಥವಾಗದಿದ್ದರೂ, "ನೀನು ಬರಿ ಕಣೇ" ಎನ್ನುತ್ತಿದ್ದಳು.

"ನೂರಾ ಹನ್ನೆರಡನೇ ಪುಟ ನೋಡಿ," ಎಂದನವನು. "ಇಲ್ಲಿ ಒಂದು ಜರ್ಮನ್ ಪದಕ್ಕೆ 'ಗುರುತಿಸುವುದು' ಅಂತೀರಿ. ಇನ್ನೂರರಲ್ಲಿ ಅದೇ ಪದಕ್ಕೆ 'ಮನ್ನಣೆ' ಅಂತೀರಿ. ಕಳ್ಳನನ್ನೂ ಗುರುತಿಸ್ತೀವಿ ಮೇಡಂ... ಮನ್ನಣೆ ಕೊಡ್ತೀವಾ? ಒಂದು ಪದಕ್ಕೆ ಎರಡು ಮುಖ ಇಟ್ಕೊಂಡು ನಡೀತಿದೆ ನಿಮ್ಮ ವಾದ."

ತಾನು ಹನ್ನೊಂದು ವರ್ಷ ಕಾಣದ್ದು ಇವನಿಗೆ ಹೇಗೆ ಕಂಡಿತು?

"ನೀವು... ತತ್ವಶಾಸ್ತ್ರ ಓದಿದ್ದೀರಾ?"

"ಎಂ.ಎ. ಅರ್ಧಕ್ಕೆ ಬಿಟ್ಟೆ. ಅಪ್ಪ ಹಾಸಿಗೆ ಹಿಡಿದ್ರು."

ಅವಳು ಕೂತಳು.

ಅಲ್ಲಿಂದಾಚೆ ಪ್ರತಿ ಶನಿವಾರ ಮಧ್ಯಾಹ್ನ ಅವಳು ಅದೇ ಕುರ್ಚಿಯಲ್ಲಿ ಕೂರತೊಡಗಿದಳು. ಒಂದೊಂದು ವಾಕ್ಯಕ್ಕೂ ಜಗಳ. ಜಗಳದ ಮಧ್ಯೆ ನಗು. ಅವಳು ಗೆದ್ದ ದಿನ ಅವನು ಮಗುವಿನಂತೆ ಖುಷಿಪಡುತ್ತಿದ್ದ. ಸೋತವನಿಗೆ ಇಷ್ಟು ಸಂತೋಷವೇ?

"ಪ್ರೂಫ್ ನೋಡೋಕೆ ಹೋಗೋರು ಕನ್ನಡಿ ಎಷ್ಟು ಸಲ ನೋಡ್ತಾರಮ್ಮ?" ಎಂದು ಚಿಕ್ಕಮ್ಮ ಕೆಣಕಿದಾಗ ಅವಳ ಕಿವಿಯವರೆಗೂ ಕೆಂಪೇರಿತ್ತು.

ಅಷ್ಟರಲ್ಲಿ ಸಿಡಿಲು ಬಡಿಯಿತು.

ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಗೆ ಅವಳು ಅರ್ಜಿ ಹಾಕಿದ ತಿಂಗಳಲ್ಲೇ, ಹೆಸರಾಂತ ತ್ರೈಮಾಸಿಕವೊಂದರಲ್ಲಿ ಅದೇ ಪದದ ಬಗ್ಗೆ ಅವಳು ಬರೆದಿದ್ದ ಹಳೆಯ ಲೇಖನವನ್ನು ಹಿಂಜಿ ಹಾಕಿದ ಟೀಕೆಯೊಂದು ಬಂತು. ಬರೆದವರ ಹೆಸರಿಲ್ಲ. ಆದರೆ ಆ ಸಾಲು... 'ಒಂದು ಪದಕ್ಕೆ ಎರಡು ಮುಖ ಇಟ್ಟುಕೊಂಡು ನಡೆಯುವ ವಾದ.'

ಅದೇ ಮಾತು! ಅವನ ಮಾತು!

"ನಂಬಿಸಿ ಕತ್ತು ಕೊಯ್ದ್ರಲ್ಲ!" ಪತ್ರಿಕೆಯನ್ನು ಅವನ ಮೇಜಿನ ಮೇಲೆ ಎಸೆದಳು.

ಅವನು ಓದಿದ. ಮುಖ ಬಿಳಿಚಿಕೊಂಡಿತು. "ಇದು ನಾನು ಬರೆದಿದ್ದಲ್ಲ."

"ಇನ್ಯಾರಿಗೆ ಗೊತ್ತಿತ್ತು ಇದು?"

"ಒಂದು ಸಲ ಹೇಳಿದ್ದೀನಿ. ಎರಡನೇ ಸಲ ಹೇಳಲ್ಲ ಮೇಡಂ."

ಅವಳು ತಿರುಗಿ ನೋಡದೆ ಇಳಿದು ಹೋದಳು. ಮೂರು ಶನಿವಾರಗಳು ಕಳೆದವು... ಬಿಕೋ ಎನ್ನುವ ಮೂರು ಶನಿವಾರಗಳು.

ನಾಲ್ಕನೆಯ ವಾರ, ಮುನ್ನುಡಿಗೆಂದು ತಿಂಗಳುಗಳ ಹಿಂದೆ ತನ್ನ ಗುರುಗಳಿಗೆ ಕೊಟ್ಟಿದ್ದ ಪ್ರೂಫ್ ಪ್ರತಿಯನ್ನು ತರಲು ಅವರ ಮನೆಗೆ ಹೋದಳು. ಅವಳ ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಿದವರು, ಈಗ ನಿವೃತ್ತರಾಗಿದ್ದರು. ಅವರ ಕುರ್ಚಿಗೇ ಅವಳು ಅರ್ಜಿ ಹಾಕಿದ್ದು.

"ಆ ಟೀಕೆ ನಾನೇ ಬರೆದೆ ಕಣಮ್ಮ," ಎಂದರು ಅವರು, ಏನೂ ಆಗಿಲ್ಲವೆಂಬಂತೆ. "ನಿನ್ನ ಪ್ರತಿಯ ಅಂಚಲ್ಲೇ ಯಾರೋ ಬರೆದಿದ್ರಲ್ಲ. ಮಾತು ಚೆನ್ನಾಗಿತ್ತು, ತಗೊಂಡೆ. ಈ ಕುರ್ಚಿ ನಿನ್ನ ಕೈಲಿ ಆಗಲ್ಲ."

ಪ್ರತಿಯನ್ನು ತಾನೇ ಕೈಯಾರೆ ಕೊಟ್ಟಿದ್ದಳು! ಅಯ್ಯೋ... ಎಂಥ ಮನುಷ್ಯನಿಗೆ ಎಂಥ ಮಾತಾಡಿಬಿಟ್ಟೆ!

ಅಳು ಒತ್ತರಿಸಿ ಬಂತು. ಅವಳು ಅಳಲಿಲ್ಲ. "ಆಗುತ್ತೋ ಇಲ್ವೋ ಸೋಮವಾರ ನೋಡೋಣ ಸರ್," ಎಂದು ಆ ಪ್ರತಿಯನ್ನು ಎದೆಗವಚಿಕೊಂಡು ಹೊರಬಂದಳು.

ಸೋಮವಾರ ಆಯ್ಕೆ ಸಮಿತಿಯ ಮುಂದೆ ಬಹಿರಂಗ ಉಪನ್ಯಾಸ. ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಗುರುಗಳು. ಉಪನ್ಯಾಸ ಮುಗಿದದ್ದೇ ತಡ, ಎದ್ದು ನಿಂತು ಕೇಳಿದರು, "ಒಂದು ಪದಕ್ಕೆ ಎರಡು ಅರ್ಥ ಕೊಟ್ಟವರು ಪಾಠ ಹೇಗೆ ಹೇಳ್ತೀರಿ?"

ಅವಳು ಹಸನ್ಮುಖಿಯಾಗೇ ಉತ್ತರಿಸಿದಳು.

"ಆ ಲೇಖನದಲ್ಲಿ ನಾನು ತಪ್ಪಿದ್ದೆ ಸರ್. ಪುಸ್ತಕದಲ್ಲಿ ತಿದ್ದಿದ್ದೀನಿ. ಗುರುತಿಸೋಕೆ ಕಣ್ಣು ಸಾಕು. ಮನ್ನಣೆ ಕೊಡೋಕೆ ಎದುರಿಗಿರೋರು ನನ್ನಷ್ಟೇ ಸ್ವತಂತ್ರರು ಅಂತ ಒಪ್ಪಬೇಕು. ಆಳಿನ ಬಾಯಲ್ಲಿ ಹೊಗಳಿಸಿಕೊಂಡ ಯಜಮಾನನಿಗೆ ಸಿಗೋದು ಮನ್ನಣೆ ಅಲ್ಲ... ಯಾಕಂದ್ರೆ ಆಳನ್ನ ಅವನು ತನ್ನ ಸಮ ಅಂತ ಒಪ್ಪೇ ಇಲ್ಲ. ಇನ್ನೊಂದು ಮಾತು. ಈ ತಪ್ಪು ಹಿಡಿದಿದ್ದು ನಾನಲ್ಲ, ಟೀಕೆ ಬರೆದವರೂ ಅಲ್ಲ. ನನ್ನ ಪ್ರೂಫ್ ರೀಡರ್. ಆ ವಾಕ್ಯ ಅವರದ್ದು. ಕೇಳದೆ ತಗೊಂಡೋರು ಬೇರೆ."

ಹಿಂದಿನ ಸಾಲಿನಿಂದ ಶುರುವಾದ ಚಪ್ಪಾಳೆ ಇಡೀ ಸಭಾಂಗಣವನ್ನೇ ಎಬ್ಬಿಸಿ ನಿಲ್ಲಿಸಿತು. ಗುರುಗಳು ತಲೆ ತಗ್ಗಿಸಿ ಕೂತರು. ಸಂಜೆಯೊಳಗೆ ಸಮಿತಿ ಒಮ್ಮತದಿಂದ ಅವಳನ್ನು ಆರಿಸಿತು.

ಆದರೆ ಅವಳು ಟ್ಯಾಕ್ಸಿ ಹಿಡಿದು ಓಡಿದ್ದು ಪ್ರೆಸ್ಸಿಗೆ!

ಅವನು ಶಾಲೆಯ ಭೂಗೋಳ ಪುಸ್ತಕದ ಪ್ರೂಫ್ ನೋಡುತ್ತಿದ್ದ. ಎದುರಿಗೆ ಕೂತು ಮೂಲಪ್ರತಿಯನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದುತ್ತಿದ್ದ ಹುಡುಗಿಯನ್ನು ಅವಳು ಸನ್ನೆ ಮಾಡಿ ಎಬ್ಬಿಸಿದಳು. ತಾನೇ ಕೂತು ಓದತೊಡಗಿದಳು.

"ಇಲ್ಲಿ ನದಿಯು ಉತ್ತರಕ್ಕೆ ತಿರುಗುತ್ತದೆ, ಪೂರ್ಣವಿರಾಮ. ನಾನು ನಿಮ್ಮನ್ನು ನಂಬದೆ ದೊಡ್ಡ ತಪ್ಪು ಮಾಡಿದೆ, ಪೂರ್ಣವಿರಾಮ."

ಅವನ ಪೆನ್ನು ನಿಂತಿತು. ತಲೆ ಎತ್ತಲಿಲ್ಲ. "ಆ ಸಾಲು ನನ್ನ ಪ್ರತಿಯಲ್ಲಿಲ್ಲ."

"ಸೇರಿಸ್ಕೊಳ್ಳಿ. ಇನ್ನೊಂದಿದೆ..." ಅವಳು ಕೈಯಲ್ಲಿದ್ದ ಹಾಳೆ ಕೆಳಗಿಟ್ಟಳು. "ನನ್ನ ಮದುವೆ ಆಗ್ತೀರಾ, ಪ್ರಶ್ನಾರ್ಥಕ ಚಿಹ್ನೆ."

ಅವನು ಪೆನ್ನು ಕೆಳಗಿಟ್ಟು ತಲೆ ಎತ್ತಿದ.

"ಆ ಚಿಹ್ನೆ ತೆಗೀಬೇಕು," ಎಂದ.

"ಯಾಕೆ?"

"ಅದರಲ್ಲಿ ಪ್ರಶ್ನೆ ಏನಿದೆ?"

ಅವಳು ನಕ್ಕಳು, ನಗುನಗುತ್ತಲೇ ಕಣ್ಣೀರು ಹರಿಯಿತು.

"ನಿಮ್ಮ ಚಿಕ್ಕಮ್ಮನಿಗೆ ಹೇಳಿದ್ದೀರಾ?"

"ಅವರೇ ಕಳಿಸಿದ್ದು. ಕೆಳಗೆ ಟ್ಯಾಕ್ಸಿಯಲ್ಲಿ ಕೂತಿದ್ದಾರೆ."

"ಅಯ್ಯೋ! ಮೊದಲೇ ಹೇಳಬಾರದಾ?" ದಡಬಡನೆ ಎದ್ದು ತಲೆಗೂದಲು ಸವರಿಕೊಂಡ. ಮೆಟ್ಟಿಲ ಬಳಿ ನಿಂತು ಕೈ ಚಾಚಿದ. "ಕೈ ಕೊಡಿ."

"ಈ ಮೆಟ್ಟಿಲು ನನಗೆ ಗೊತ್ತು."

"ಗೊತ್ತು... ಆದ್ರೂ ಕೊಡಿ."

ಕೊಟ್ಟಳು.