ಪೆನ್ಸಿಲ್ ಗೀಟಿನ ರಸೀದಿ

ಭಾಗೀರಥೀಬಾಯಿಯವರಿಗೆ ಆದಾಯ ತೆರಿಗೆ ನೋಟಿಸು ಬಂದಿತ್ತು—ಮಠಕ್ಕೆ ಹಣ ಕೊಟ್ಟೆನೆಂದು ತೋರಿಸಿದ್ದೀರಿ, ಕೊಟ್ಟ ಪುರಾವೆ ಎಲ್ಲಿ? ಹಾವೇರಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಜೀವ. ಈ ವಯಸ್ಸಿನಲ್ಲಿ ಸುಳ್ಳುಗಾರ್ತಿ ಎನಿಸಿಕೊಳ್ಳುವುದೇ? ಬಾಯಿಯವರಿಗೆ ಊಟ ಸೇರಲಿಲ್ಲ.

ರಿಟರ್ನ್ ತುಂಬಿದವಳು ಬ್ಯಾಡಗಿಯ ಕಾಲೇಜು ಉಪನ್ಯಾಸಕಿ ಶೈಲಾ. ಪ್ರತಿ ಭಾನುವಾರ ವಾಚನಾಲಯದಲ್ಲಿ ಕೂತು, ಲೆಕ್ಕ ಹಾಕುವ ಸೂತ್ರಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದಾದ ಪುಕ್ಕಟೆ ತಂತ್ರಾಂಶದಲ್ಲಿ ಜನರ ರಿಟರ್ನ್ ತುಂಬಿಕೊಡುತ್ತಿದ್ದಳು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಆ ಹೆಮ್ಮೆ ಮಾತ್ರ ಸ್ವಲ್ಪ ಜಾಸ್ತಿಯೇ ಇತ್ತು. ಹಾಗಾಗಿ ಅವಳ ಅನುಮಾನ ನೇರ ರಾಣೆಬೆನ್ನೂರಿನ ಟ್ಯಾಕ್ಸ್ ಏಜೆಂಟ್ ವಿಜಯಮಹಾಂತೇಶನ ಮೇಲೆ ಹೋಯಿತು. ಬಾಯಿಯವರು ಮೊದಲು ಅವನ ಗಿರಾಕಿ. ಪಾಸ್‌ವರ್ಡ್ ಅವನಿಗೆ ಗೊತ್ತು. ಹೊಟ್ಟೆಕಿಚ್ಚು ಬೇರೆ ಇರಬೇಕಲ್ಲ? ವಾಚನಾಲಯದಲ್ಲಿ ಹತ್ತು ಮಂದಿಯ ಮುಂದೆ, ರಿಟರ್ನ್ ತಿದ್ದಿ ಕೆಡಿಸಿದವನು ಅವನೇ ಎಂದು ಹೆಸರು ಹೇಳಿಯೇಬಿಟ್ಟಳು. ವಾರದೊಳಗೆ ಅವನ ಅಂಗಡಿ ಭಣಗುಟ್ಟತೊಡಗಿತು.

ಆಮೇಲೆ ಸಾಕ್ಷಿ ಹುಡುಕಲು ಕೂತಳು. ತಂತ್ರಾಂಶದಲ್ಲಿ ಯಾರು, ಯಾವಾಗ, ಏನು ತುಂಬಿದರೆಂಬುದೆಲ್ಲ ಉಳಿದಿತ್ತು. ಅವಳ ನಂತರ ಯಾರೂ ಕೈ ಹಚ್ಚಿರಲಿಲ್ಲ. ಹಾಗಾದರೆ ತಂತ್ರಾಂಶದ್ದೇ ತಪ್ಪೇ? ಅದರ ಸೂತ್ರಗಳನ್ನು ಸಾಲು ಸಾಲಾಗಿ ಓದಿದಳು—ಲೆಕ್ಕ ಸರಿಯಾಗಿಯೇ ಇತ್ತು. ಉಳಿದದ್ದು ತಾನು ತುಂಬಿದ್ದು ಮಾತ್ರ. ಮೊದಲ ಬಸ್ಸು ಹತ್ತಿ ಹಾವೇರಿಗೆ ಹೋಗಿ ಮೂಲ ರಸೀದಿ ಕೇಳಿದಳು.

ದೊಡ್ಡದಾಗಿ ಬರೆದ ಮೊತ್ತದ ಕೆಳಗೆ ಸಣ್ಣದೊಂದು ಸಾಲು: ದಾಸೋಹಕ್ಕೆ ಕೊಟ್ಟ ಎರಡು ಚೀಲ ಮೆಣಸಿನಕಾಯಿಯ ಬೆಲೆ. ಅದರ ಸುತ್ತ ಪೆನ್ಸಿಲ್ ಗೀಟು.

“ಬಾಯಾರ, ಈ ಗೀಟು ಯಾರು ಹಾಕಿದ್ದು?”

ಬಾಯಿಯವರು ಗೀಟಿನ ಮೇಲೆ ಬೆರಳಿಟ್ಟರು.

“ವಿಜಯಮಹಾಂತೇಶ. ಮಾಲು ಕೊಟ್ಟರ ತೆರಿಗಿ ವಿನಾಯಿತಿ ಸಿಗಂಗಿಲ್ಲ, ರೊಕ್ಕ ಕೊಟ್ಟರಷ್ಟ ಅಂದ. ನನಗ ಸಿಟ್ಟು ಬಂತು, ನಿನ್ನ ಕಡೆ ಬಂದೆ. ನೀ ಏನೂ ಕೇಳದ ಬರಕೊಂಡಿ. ನಾನೂ ಸುಮ್ಮನಾದೆ.”

ಮುಂದಿನ ಭಾನುವಾರ ಶೈಲಾ ಅದೇ ಹತ್ತು ಮಂದಿಯನ್ನು ಕರೆದಳು. ವಿಜಯಮಹಾಂತೇಶನನ್ನೂ ಕರೆಸಿದಳು. ರಸೀದಿ ಎಲ್ಲರ ಕೈಗೂ ಹೋಯಿತು.

“ಕೊಟ್ಟಿದ್ದು ರೊಕ್ಕಾನೋ, ಮಾಲೋ ಅಂತ ತಂತ್ರಾಂಶ ಕೇಳಿತ್ತು. ನಾ ಓದದ ರೊಕ್ಕ ಅಂತ ಒತ್ತಿದೆ. ಇವರು ಮೊದಲ ಗೀಟು ಹಾಕಿ ಎಚ್ಚರಿಸಿದ್ರು, ಅದೂ ನನ್ನ ಕಣ್ಣಿಗೆ ಬೀಳಲಿಲ್ಲ. ತಪ್ಪು ಮಾಡಿದಾಕಿ ನಾನು. ಹೆಸರು ಕೆಡಸಿದಾಕೀನೂ ನಾನ.”

ವಿಜಯಮಹಾಂತೇಶ ರಸೀದಿ ಮಡಚಿ ಅವಳ ಕೈಗಿಟ್ಟ.

“ಅಂಗಡಿ ಹೆಂಗೋ ನಡೀತೈತ್ರಿ ಮೇಡಂ. ನನ್ನ ಮಗಳು ಹರಿಪ್ರಿಯಾ ನಿಮ್ಮ ಕ್ಲಾಸಿನ್ಯಾಗ ಅದಾಳ. ನೀವು ಹಂಗ ಅಂದಾಗಿಂದ ಕಾಲೇಜಿಗೆ ಹೋಗಿಲ್ಲ. ಇದನ್ನ ಆಕಿ ಮುಂದ ಒಂದು ಸಲ ಹೇಳ್ರಿ.”

ಹಾಜರಿ ಕರೆಯುವಾಗ ವಾರವಿಡೀ ಆ ಹೆಸರಿನ ಮುಂದೆ ಗೈರು ಎಂದು ಬರೆದದ್ದು ಶೈಲಾಳೇ. ಯಾಕೆ ಬಂದಿಲ್ಲವೆಂದು ಒಂದು ದಿನವೂ ಕೇಳಿರಲಿಲ್ಲ.