ನೀಲಿ ಶರ್ಟಿನ ವಾಸನೆ

ಹೊಟ್ಟೆಕಿಚ್ಚಿಗೆ ಕಣ್ಣು ಕಾಣಲ್ಲ ಅಂತಾರಲ್ಲ, ಅದು ನರ್ಸಮ್ಮನಿಗೂ ತಪ್ಪಿದ್ದಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಬೆಳಗಿನ ಟ್ರೈನಿನಲ್ಲಿ ನರ್ಸ್ ಅಂಬಿಕಳ ಎದುರು ಸೀಟು ಮುನೇಶನದು. ಟೊಮೇಟೊ ಬೆಳೆಯುವವನು, ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ದಿನಾ ಹೋಗುವವನು. ತಿಂಗಳುಗಟ್ಟಲೆ ಇಬ್ಬರೂ ನೋಡಿದ್ದೇ ನೋಡಿದ್ದು. "ಈ ನೀಲಿ ಶರ್ಟು ಚೆನ್ನಾಗಿದೆ" ಅಂತ ಒಮ್ಮೆ ಅವಳೇ ಅಂದಿದ್ದಳು. ಆಮೇಲೆ ಅವನು ಅದನ್ನು ಬಿಟ್ಟು ಬೇರೆ ತೊಟ್ಟಿದ್ದೇ ಕಮ್ಮಿ.

ಇವತ್ತು ಶಾಲು ಹೊದ್ದಿದ್ದ ಅವನ ಪಕ್ಕ ಒಬ್ಬಳು ಕೂತಿದ್ದಳು. ಕೂತರೆ ಕೂರಲಿ, ತನ್ನ ದುಪಟ್ಟಾದಿಂದ ಅವನ ಹಣೆ ಒರೆಸುತ್ತಿದ್ದಳು!

"ನಮ್ಮತ್ತೆ ಮಗಳು, ರಾಧ" ಅಂದ ಮುನೇಶ. ಮುಖದ ತುಂಬ ಬೆವರು, ಕಣ್ಣಲ್ಲಿ ನೀರು.

ಆಹಾ, ಪ್ರೀತಿ ಉಕ್ಕಿ ಹರೀತಿದೆ! ಅಂಬಿಕ ದಡಕ್ಕನೆ ಎದ್ದು ಪಕ್ಕದ ಬೋಗಿಗೆ ಹೋದಳು. ಇಳಿಯುವವರೆಗೂ ಕಿಟಕಿಯಾಚೆಯ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನೇ ದಿಟ್ಟಿಸಿದಳು.

ಡ್ಯೂಟಿಗೆ ಬಂದು ಇನ್ನೂ ನೀರು ಕುಡಿದಿರಲಿಲ್ಲ, ಆಸ್ಪತ್ರೆ ಬಾಗಿಲಿಗೆ ಆಟೋ ಬಂತು. ಅದೇ ರಾಧ. ಅವಳ ತೊಡೆಯ ಮೇಲೆ, ಶಾಲು ಹೊದ್ದ ಮುನೇಶ.

"ಬಾವ ಔಸ್ದಿ ಕುಡ್ದವ್ನೆ ಕಣಕ್ಕಾ! ರಾತ್ರಿ ನಮ್ಮಿಬ್ರ ಮದ್ವೆ ಮಾತು ಎತ್ತಿದ್ಕೆ ಮನೇಲಿ ಜಗಳ ಆಗಿತ್ತು."

ಯಾರಿಗೋಸ್ಕರ ಕುಡಿದ? ಇವಳಿಗೋಸ್ಕರವಾ? ಉಸಿರಿಗೆ ಒದ್ದಾಡುತ್ತಿರುವವನ ಮೇಲೂ ಅಂಬಿಕಳಿಗೆ ಹೊಟ್ಟೆ ಉರಿಯಿತು. ಕೈ ಮಾತ್ರ ಸುಮ್ಮನಿರಲಿಲ್ಲ. ಟಾರ್ಚ್ ಹಾಕಿದಳು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ. ಕೀಟನಾಶಕವೇ. ಆ ಬೆವರು, ಆ ಕಣ್ಣೀರು ಬೆಳಿಗ್ಗೆ ಎದುರಿಗೇ ಇತ್ತಲ್ಲ, ಪಾಪಿ ನಾನು ನೋಡಲಿಲ್ಲ!

ಆದರೆ ಬಾಯಿ ಮೂಸಿದರೆ ವಾಸನೆಯಿಲ್ಲ. ಶಾಲು ಸರಿಸಿದಳು. ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನೀಲಿ ಶರ್ಟಿನ ಬೆನ್ನೆಲ್ಲ ಒದ್ದೆ.

"ಕುಡಿದಿಲ್ಲ ಡಾಕ್ಟರ್! ಸ್ಪ್ರೇ ಟ್ಯಾಂಕು ಬೆನ್ನ ಮೇಲೆ ಸೋರಿದೆ. ಮೈಗೆ ಇನ್ನೂ ಇಳೀತಾನೇ ಇದೆ."

ಡಾಕ್ಟರು ಬಗ್ಗಿ ನೋಡಿ ವಿಷಕ್ಕೆ ಮದ್ದಾದ ಅಟ್ರೋಪಿನ್ ಶುರು ಮಾಡಿದರು. ಗ್ಲೌಸ್ ಹಾಕಿಕೊಂಡು ಅಂಬಿಕ ಕತ್ತರಿಯಿಂದ ಶರ್ಟು ಕತ್ತರಿಸಿ ಎಸೆದಳು. ಸೋಪುನೀರಲ್ಲಿ ಅವನ ಬೆನ್ನು ತೊಳೆದಳು, ಮತ್ತೆ ತೊಳೆದಳು. ಎದೆಯ ಗೊರಗೊರ ನಿಲ್ಲುವವರೆಗೂ ಅವಳ ಜೀವ ಅವಳ ಕೈಲಿರಲಿಲ್ಲ.

ಮದ್ದು ಏರಿದಾಗ ಮುನೇಶ ಗಾಳಿಯಲ್ಲೇ ಟೊಮೇಟೊ ಕೀಳುತ್ತ ಬಡಬಡಿಸಿದ: "ಅಂಬಿಕ, ಎದ್ದೋಗ್ಬ್ಯಾಡ..."

ರಾಧ ತಲೆ ತಗ್ಗಿಸಿದಳು. ಮದ್ದಿನ ಅಮಲಿನ ಮಾತು, ಲೆಕ್ಕಕ್ಕಿಲ್ಲ ಅಂದುಕೊಂಡಳು ಅಂಬಿಕ. ಕಿವಿ ಮಾತ್ರ ಕೆಂಪಾಗಿತ್ತು.

ಪೂರ್ತಿ ಎಚ್ಚರವಾದ ದಿನ ಅವಳೇ ಟಾರ್ಚ್ ಹಾಕಿ ಅವನ ಕಣ್ಣು ನೋಡಿದಳು. ಪಾಪೆ ಸರಿಯಾಗಿತ್ತು.

"ಈಗ ಹೇಳಿ. ಒದ್ದೆ ಶರ್ಟು ಯಾಕೆ ಬದಲಾಯಿಸಲಿಲ್ಲ?"

"ಔಸ್ದಿ ಹೊಡ್ದು ಮುಗ್ಸೋ ಹೊತ್ಗೆ ಲೇಟಾಗಿತ್ತು. ಮನೇಗೋಗಿದ್ರೆ ಟ್ರೈನು ಸಿಕ್ತಿರ್ಲಿಲ್ಲ." ಅವನು ಮುಖ ಆಚೆ ತಿರುಗಿಸಿದ. "ಈ ಮದ್ವೆ ಒಲ್ಲೆ ಅಂತ ಮನೇಲಿ ಹೇಳಿದ್ದೆ. ಯಾಕೇಂತ ನಿಮ್ಗೆ ಹೇಳ್ಬೇಕಿತ್ತು."

ಅಂಬಿಕ ಟಾರ್ಚ್ ಆರಿಸಿದಳು. "ನಾನು ಎದ್ದು ಹೋಗಿಬಿಟ್ಟೆನಲ್ಲ..."

ಅಷ್ಟರಲ್ಲಿ ರಾಧ ರಾಗಿ ಗಂಜಿ ತಂದಳು. ಲೋಟ ಅವನ ಬಾಯಿಗೆ ಹೋಗುವ ಮೊದಲೇ ಅಂಬಿಕ ಕೈ ಚಾಚಿದಳು.

"ಇಲ್ಲಿ ಕೊಡು, ನಾನು ಕುಡಿಸ್ತೀನಿ."

ರಾಧ ಇಬ್ಬರನ್ನೂ ನೋಡಿ ಲೋಟ ಕೊಟ್ಟಳು. "ಬಿಸಿ ಐತಕ್ಕ, ಊದಿ ಕುಡ್ಸಿ" ಅಂದು ಹೊರಗೆ ಹೋದಳು.

"ನಿಮ್ಮ ಡ್ಯೂಟಿ ಆಗ್ಲೇ ಮುಗೀತಲ್ಲ ಸಿಸ್ಟರ್?" ಅಂದ ಮುನೇಶ.

"ಮುಗೀತು. ಅದಕ್ಕೇ" ಅಂದು ಅಂಬಿಕ ಗಂಜಿ ಊದಿದಳು.