ಎದುರು ಶೆಡ್ಡಿನವರು

ಬೆಳಿಗ್ಗೆ ಎದುರು ಶೆಡ್ಡಿನ ಪುಟ್ಟ ಕಿಟಕಿ ತೆರೆದು ಒಂದು ತಟ್ಟೆ ಹೊರಗೆ ಬಂತು. ಅದರಲ್ಲಿ ಹೆಬ್ಬೆರಳಿನ ಗಾತ್ರದ ಲೋಹದ ಕವಾಟವೊಂದಿತ್ತು. ಅದು ಇನ್ನೂ ಬಿಸಿಯಾಗಿತ್ತು. ಏಕಧಾರಾ ಸಂಸ್ಥೆಯ ಎಂಜಿನಿಯರುಗಳು ಸುತ್ತ ನಿಂತರೇ ಹೊರತು ಯಾರೂ ಕೈ ಹಾಕಲಿಲ್ಲ. ತಾವು ಇಡೀ ಮಳೆಗಾಲ ಕೂತು ಮಾಡಿದ್ದ ಕವಾಟಕ್ಕಿಂತ ಇದು ಚೆನ್ನಾಗಿದೆ ಎಂಬುದು ಮುಟ್ಟುವ ಮೊದಲೇ ಅವರಿಗೆ ಗೊತ್ತಾಗಿತ್ತು.

ಶೆಡ್ಡಿನೊಳಗೆ ಮನುಷ್ಯರಿರಲಿಲ್ಲ. ದೀಪವೂ ಇರಲಿಲ್ಲ, ಯಂತ್ರಕ್ಕೆ ಬೆಳಕು ಯಾಕೆ? ಕತ್ತಲಲ್ಲಿ ಲೇತು ತಿರುಗುವ, ಅರ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ನಡುನಡುವೆ ಅದು ನಿಂತುಬಿಡುತ್ತಿತ್ತು, ಯಾರೋ ಕೈಕಟ್ಟಿ ಯೋಚಿಸುತ್ತಿರುವ ಹಾಗೆ. ಹೀಗೆ ಸದ್ದು ನಿಂತ ಹೊತ್ತಿನಲ್ಲೇ ಎಂಜಿನಿಯರುಗಳಿಗೆ ಹೆಚ್ಚು ಹೆದರಿಕೆಯಾಗುತ್ತಿತ್ತು.

ಕಡತಗಳಲ್ಲಿ ಅದರ ಹೆಸರು ಸ್ಪರ್ಧಾಯಂತ್ರ. ಕೆಲಸಗಾರರು ಮಾತ್ರ ‘ಎದುರು ಶೆಡ್ಡಿನವರು’ ಎಂದು ಬಹುವಚನದಲ್ಲಿ, ದನಿ ತಗ್ಗಿಸಿ ಹೇಳುತ್ತಿದ್ದರು.

ಈ ಯಂತ್ರವನ್ನು ಕಟ್ಟಿದವನು ಡಾಕ್ಟರ್ ಮೌನೇಶ ಕಮ್ಮಾರ. ಏಕಧಾರಾ ಸಂಸ್ಥೆ ಬೆಳಗಾವಿಯಲ್ಲಿ ಹೃದಯರೇಚಕಗಳನ್ನು, ಅಂದರೆ ಸೋತ ಗುಂಡಿಗೆಯ ಪಕ್ಕದಲ್ಲಿ ಕೂರಿಸುವ ರಕ್ತದ ಪಂಪುಗಳನ್ನು ತಯಾರಿಸುತ್ತಿತ್ತು. ಒಂದು ಕಾಲದಲ್ಲಿ ಅಲ್ಲಿನ ಹಳೆಯ ಕೈಗಾರಿಕಾ ವಸಾಹತಿನಲ್ಲಿ ಇಂಥ ಪಂಪು ಮಾಡುವ ಹದಿನಾಲ್ಕು ಸಣ್ಣ ವರ್ಕ್‌ಶಾಪುಗಳಿದ್ದವು. ಒಬ್ಬ ಪಂಪನ್ನು ಕಿರಿದು ಮಾಡಿದರೆ ಇನ್ನೊಬ್ಬ ಹಗುರ ಮಾಡುತ್ತಿದ್ದ. ಏಕಧಾರಾ ಅವರನ್ನೆಲ್ಲ ಒಬ್ಬೊಬ್ಬರಾಗಿ ಕೊಂಡುಕೊಂಡಿತು. ಮೌನೇಶನ ತಂದೆ ಕಾಳಪ್ಪನ ವರ್ಕ್‌ಶಾಪು ಕೊನೆಗೆ ಹೋಯಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ಸಂಸ್ಥೆ, ಒಂದೇ ಪಂಪು. ಆ ಪಂಪಿನಲ್ಲಿ ಒಂದು ತಿರುಪಿನಷ್ಟೂ ಬದಲಾವಣೆಯಾಗಲಿಲ್ಲ.

ಅಧ್ಯಕ್ಷ ಅಜಿತ ನಿಂಬಾಳಕರರಿಗೆ ಇದು ಒಗಟಾಗಿತ್ತು. ದೊಡ್ಡ ಪ್ರಯೋಗಾಲಯವಿದೆ, ನೂರಾರು ವಿಜ್ಞಾನಿಗಳಿದ್ದಾರೆ, ಹೊಸದು ಯಾಕೆ ಹುಟ್ಟುವುದಿಲ್ಲ? ಮೌನೇಶ ವಿವರಿಸಿದ್ದ. ಸಣ್ಣವನು ಹೊಸದನ್ನು ಮಾಡದಿದ್ದರೆ ಬಾಗಿಲು ಮುಚ್ಚಬೇಕು. ದೊಡ್ಡವನು ಹೊಸದನ್ನು ಮಾಡಿದರೆ ತನ್ನದೇ ಹಳೆಯ ಸರಕನ್ನು ಮೂಲೆಗೆ ಹಾಕಬೇಕು. ಎದುರಾಳಿಯೇ ಇಲ್ಲದ ಮೇಲೆ ಆ ಕೆಲಸ ಯಾರಿಗೆ ಬೇಕು? ಹಸಿವಿದ್ದ ಕಡೆ ಪ್ರಯೋಗಾಲಯವಿರಲಿಲ್ಲ, ಪ್ರಯೋಗಾಲಯವಿರುವ ಕಡೆ ಹಸಿವಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ.

ಆದ್ದರಿಂದ ಅವನು ಹಸಿವನ್ನೇ ತಯಾರಿಸಿದ. ಹದಿನಾಲ್ಕು ವರ್ಕ್‌ಶಾಪುಗಳ ನಕ್ಷೆಗಳು, ಕ್ಯಾಮೆರಾಗಳಲ್ಲಿ ಉಳಿದಿದ್ದ ಕೆಲಸದ ದೃಶ್ಯಗಳು, ಮಾತುಕತೆ, ಜಗಳ, ಬೈಗುಳ ಎಲ್ಲವನ್ನೂ, ಬಾಗಿಲು ತೆರೆದ ದಿನದಿಂದ ಮುಚ್ಚಿದ ದಿನದವರೆಗೆ, ಯಂತ್ರಕ್ಕೆ ಕಲಿಸಿದ. ಅದಕ್ಕೆ ಲೋಹವನ್ನು ಅಳೆದು ಕೊಟ್ಟ. ಅದರ ವಿನ್ಯಾಸವನ್ನು ಏಕಧಾರಾ ಒಪ್ಪದಿದ್ದರೆ ವಿದ್ಯುತ್ತು ಕಡಿಮೆಯಾಗುತ್ತ ಹೋಗುವಂತೆ ಮಾಡಿದ. ಒಟ್ಟಿನಲ್ಲಿ ಒಂದು ಬಡ, ಚುರುಕಾದ, ಜೀವಭಯವಿರುವ ಸಣ್ಣ ಸಂಸ್ಥೆಯನ್ನು ಶೆಡ್ಡಿನೊಳಗೆ ಹುಟ್ಟಿಸಿದ. ಮದ್ದು ಹಿಡಿಯಿತು. ತೂಕಡಿಸುತ್ತಿದ್ದ ಎಂಜಿನಿಯರುಗಳು ಈಗ ಊಟದ ಡಬ್ಬಿ ತೆರೆಯುವುದನ್ನೂ ಮರೆತು ದುಡಿಯುತ್ತಿದ್ದರು.

ಮೌನೇಶನ ಆತುರಕ್ಕೆ ಬೇರೆಯೇ ಕಾರಣವಿತ್ತು. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ನಾಗವೇಣಿಯ ಎದೆಯಲ್ಲಿ ಏಕಧಾರಾದ ಎರಡನೆಯ ಪಂಪು ತಿರುಗುತ್ತಿತ್ತು. ಆ ಪಂಪಿನ ಬೇರಿಂಗು ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಆಗ ಎದೆ ತೆರೆದು ಬದಲಾಯಿಸಬೇಕು. ಈ ಎರಡನೆಯದೂ ಸವೆದರೆ, ಮೂರನೆಯ ಸಲ ಹೊಲಿಗೆ ತಾಳುವ ಶಕ್ತಿ ಗುಂಡಿಗೆಯ ಗೋಡೆಗೆ ಇರುವುದಿಲ್ಲ. ಸವೆಯದ ಬೇರಿಂಗು ಸಿಕ್ಕರೆ, ಪಂಪನ್ನು ಇದ್ದಲ್ಲೇ ಬಿಟ್ಟು ಅದೊಂದನ್ನೇ ರಕ್ತನಾಳದ ಮೂಲಕ ಕಳಿಸಿ ಕೂರಿಸಬಹುದಿತ್ತು. ನಾಗವೇಣಿಯ ಪಂಪಿನ ಸದ್ದು ಯುಗಾದಿಯಿಂದೀಚೆಗೆ ಬದಲಾಗಿತ್ತು. ಪಕ್ಕದಲ್ಲಿ ಕೂತರೆ, ಒಣ ಹಲಗೆಯ ಮೇಲೆ ಮರಳು ಎಳೆದಂಥ ಕರಕರ ಕೇಳುತ್ತಿತ್ತು.

ಆ ವಸಾಹತಿನಲ್ಲಿ ದಸರೆಯ ಖಂಡೇನವಮಿಗೆ ಒಂದು ರೂಢಿಯಿತ್ತು. ಅಂದು ಯಂತ್ರಗಳಿಗೆ ಪೂಜೆ, ವಿಶ್ರಾಂತಿ. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದ ಎದುರಾಳಿಗಳು ಅಂದು ಒಬ್ಬರ ವರ್ಕ್‌ಶಾಪಿಗೆ ಇನ್ನೊಬ್ಬರು ಹೋಗಿ, ಪ್ರಸಾದ ತಿಂದು, ಹೊಸದಾಗಿ ಏನು ಮಾಡಿದ್ದಾರೆಂದು ಕಣ್ಣಲ್ಲೇ ಅಳೆದು ಬರುತ್ತಿದ್ದರು. ತೋರಿಸುವವರಿಗೂ ಹುಮ್ಮಸ್ಸು. ಹೊಸ ಪಂಪನ್ನು ಬಾಗಿಲಲ್ಲೇ ಇಟ್ಟು, ಅದರ ಮುಖ್ಯ ಭಾಗಕ್ಕೆ ಮಾತ್ರ ಅರಿಶಿನದ ಬಟ್ಟೆ ಹೊದಿಸುತ್ತಿದ್ದರು. ಬಟ್ಟೆ ಎತ್ತಿ ನೋಡಬಾರದು. ಮನೆಗೆ ಹೋಗಿ, ಅದರಡಿ ಏನಿದ್ದೀತೆಂದು ತಲೆ ಕೆರೆದುಕೊಳ್ಳಲು ಅಡ್ಡಿಯಿರಲಿಲ್ಲ. ವಸಾಹತಿನ ಅರ್ಧ ಸಂಶೋಧನೆ ಹುಟ್ಟಿದ್ದೇ ಹೀಗೆ. ಏಕಧಾರಾ ಎಲ್ಲರನ್ನೂ ನುಂಗಿದ ಮೇಲೆ ಬಾಗಿಲು ಒಂದೇ ಉಳಿಯಿತು, ನೋಡಲು ಬರುವವರು ಇಲ್ಲವಾದರು.

ಆ ವರ್ಷದ ಖಂಡೇನವಮಿಯಂದು ಶೆಡ್ಡಿನೊಳಗಿನ ಸದ್ದು ತಾನಾಗಿ ನಿಂತಿತು. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ. ಕಿಟಕಿ ಪೂರ್ತಿ ತೆರೆದುಕೊಂಡಿತು. ತಟ್ಟೆಯಲ್ಲಿ ಒಂದು ಇಡೀ ಹೃದಯರೇಚಕ ಕೂತಿತ್ತು. ಯಂತ್ರದ ಬಳಿ ಬಟ್ಟೆಯೆಲ್ಲಿಂದ ಬರಬೇಕು? ಅದು ಹಿತ್ತಾಳೆಯನ್ನು ಕಾಗದಕ್ಕಿಂತ ತೆಳುವಾಗಿ ಬಡಿದು, ಬಟ್ಟೆಯ ಹಾಗೆ ನೆರಿಗೆ ಮೂಡಿಸಿ, ಪಂಪಿನ ನಡುಭಾಗಕ್ಕೆ ಹೊದಿಸಿತ್ತು. ಮೌನೇಶನಿಗೆ ಅದು ಅರಿಶಿನದ ಬಟ್ಟೆಯೆಂದು ಕೂಡಲೇ ಗುರುತು ಸಿಕ್ಕಿತು. ಅವನು ಆ ಓಣಿಯಲ್ಲೇ ಬೆಳೆದವನು. ಅಂದು ತಗಡನ್ನು ಎತ್ತಲು ಅವನಿಗೆ ಧೈರ್ಯ ಬರಲಿಲ್ಲ.

ಮರುದಿನ ಎತ್ತಿ ನೋಡಿದ. ಕೆಳಗೆ ಬೇರಿಂಗು ಕೂರಬೇಕಾದ ಖಾಲಿ ತೂತು ಮಾತ್ರವಿತ್ತು. ಆದರೆ ಒಳಗಿನ ಪರೀಕ್ಷಾತೊಟ್ಟಿಯಲ್ಲಿ ಅಂಥದ್ದೇ ಇನ್ನೊಂದು ಪಂಪು ದಸರೆಗೆ ಬಹಳ ಮುಂಚಿನಿಂದಲೇ ತಿರುಗುತ್ತಿತ್ತು ಎಂದು ಮಾಪಕಗಳು ಹೇಳಿದವು. ಅದರ ಸವೆತ ಸೊನ್ನೆ.

"ಬೇರಿಂಗ್ ಎಲ್ಲೈತಿ?" ಎಂದು ಅವನು ಧ್ವನಿಫಲಕದಲ್ಲಿ ಕೇಳಿದ.

"ಐತ್ರಿ," ಎಂದಿತು ಯಂತ್ರ. ಅದರ ದನಿ ಯಾವ ಒಬ್ಬರದೂ ಅಲ್ಲ, ಹದಿನಾಲ್ಕು ವರ್ಕ್‌ಶಾಪಿನವರ ದನಿಗಳನ್ನು ಕಲಸಿದ್ದು. "ದೊಡ್ಡವ್ರು ಒಮ್ಮೆ ಬಂದ್ ನೋಡಿದ್ರ ಚಲೋ ಆಕ್ಕೇತ್ರಿ."

ಮೌನೇಶ ವಿದ್ಯುತ್ತು ಕಡಿಮೆ ಮಾಡಿದ. ಲೋಹ ನಿಲ್ಲಿಸಿದ. ನುಗ್ಗಿ ಒಳಗಿನ ಪಂಪನ್ನು ಬಿಚ್ಚಿದರೆ ಬೇರಿಂಗು ಒಡೆದೀತೆಂಬ ಭಯ. ಯಂತ್ರ ಬೇರಿಂಗು ಕೊಡಲಿಲ್ಲ. ಅದರ ದನಿ ಸೊರಗುತ್ತ ಬಂತು, ಪ್ರಶ್ನೆ ಮಾತ್ರ ಬದಲಾಗಲಿಲ್ಲ. "ದೊಡ್ಡವ್ರು ಯಾವಾಗ ಬರ್ತಾರ್ರಿ?"

ಆ ಸಂಜೆ ಅವನು ಅಕ್ಕನಿಗೆ ಎಲ್ಲ ಹೇಳಿದ. ನಾಗವೇಣಿ ಹೊಲಿಗೆ ತರಗತಿ ನಡೆಸುವಾಕೆ. ಪಂಪಿನ ಗಣಿತ ಅವಳಿಗೆ ತಿಳಿಯದು.

"ಅದಕ್ಕ ನೀ ಏನೇನ್ ಕಲಿಸೀಯೋ ಮೌನ್ಯಾ?"

"ಎಲ್ಲಾ, ಅಕ್ಕಾ. ಅಪ್ಪಾಂದೂ ಐತಿ. ಶುರುವಿಂದ ಕಡೀತನಾ."

"ಕಡೀಕ ಏನಾತು?"

"ಕಡೀಕ ಏಕಧಾರಾದವ್ರು ಬಂದ್ರು, ತಗೊಂಡ್ರು."

"ಎಲ್ಲಾರ ಕಡೀನೂ ಅದೇನ?"

"ಹೌದು."

"ಮತ್ತ ಅದು ಏನ್ ತಿಳ್ಕೋಬೇಕಪಾ? ಶ್ಯಾಣ್ಯಾನ ಬದುಕು ಅಂದ್ರ ಇಷ್ಟ, ಚಲೋ ವಸ್ತು ಮಾಡೂದು, ಅರ್ಧ ಮುಚ್ಚಿ ತೋರ್ಸೂದು, ದೊಡ್ಡವ್ರ ದಾರಿ ಕಾಯೂದು ಅಂತ ತಿಳ್ಕೊಂಡೈತಿ."

ಸೋಲುವ ಭಯವನ್ನು ಕಲಿಸಿದೆ ಎಂದು ಮೌನೇಶ ಬೀಗುತ್ತಿದ್ದ. ಯಂತ್ರ ಕಲಿತದ್ದು ನುಂಗಿಸಿಕೊಳ್ಳುವ ಆಸೆಯನ್ನು.

"ಹಂಗಾದ್ರ ತಗೊಂಡ್‌ಬಿಡ್ರಿ," ಎಂದಳು ನಾಗವೇಣಿ, ಎದೆಯ ಮೇಲೆ ಕೈಯಿಟ್ಟುಕೊಂಡು. "ನಂಗ ಇನ್ನೊಂದೀಟು ಬದುಕೂ ಆಸೆ ಐತೋ. ಸುಳ್ಳ ಯಾಕ ಹೇಳ್ಲಿ."

ಅವಳು ಎಂದೂ ಹಾಗೆ ಬಾಯಿ ಬಿಟ್ಟು ಕೇಳಿದವಳಲ್ಲ. ಮರುದಿನ ಬೆಳಿಗ್ಗೆಯೇ ಮೌನೇಶ ಅಧ್ಯಕ್ಷರ ಕೋಣೆಗೆ ಹೋದ.

ನಿಂಬಾಳಕರರು ವಿಷಯ ಕೇಳಿ ನಕ್ಕರು. "ನಮ್ಮ ಯಂತ್ರಾನ ನಾವ ತಗೋಬೇಕೇನ್ರಿ, ಮೌನೇಶ ಅವರ? ನಡೀರಿ, ಅದೂ ಆಗ್ಲಿ. ತಗೊಳ್ಳೂದ್ರಾಗ ನಮಗ ಭಾಳ ರೂಢಿ ಐತಿ." ಹಾರ ತರಿಸಿದರು. ಹದಿನಾಲ್ಕು ಸಲ ಓದಿದ್ದ ಒಪ್ಪಂದವನ್ನೇ ಶೆಡ್ಡಿನ ಮುಂದೆ ಹದಿನೈದನೆಯ ಸಲ ಓದಿಸಿದರು. ಇನ್ನು ಮುಂದೆ ಇದು ಏಕಧಾರಾದ ಅಂಗ. ಇದರ ಮುಖ್ಯಸ್ಥರು ಸಂಸ್ಥೆಯ ಪರಿಶೀಲನಾ ಸಮಿತಿಯ ಸದಸ್ಯರು. ಯಂತ್ರಕ್ಕೆ ಮುಖ್ಯಸ್ಥರೆಲ್ಲಿ? ಯಂತ್ರವೇ ಸದಸ್ಯನಾಯಿತು. ಕಿಟಕಿಯ ಚೌಕಟ್ಟಿಗೆ ಹಾರ ಹಾಕಿ ಎಲ್ಲರೂ ಚಪ್ಪಾಳೆ ತಟ್ಟಿದರು.

ತಟ್ಟೆ ಹೊರಗೆ ಬಂತು. ಅದರ ಮೇಲೆ ಅಕ್ಕಿಕಾಳಿನಷ್ಟು ಪುಟ್ಟ ಬೇರಿಂಗು ಮಿನುಗುತ್ತಿತ್ತು.

"ಮುಗೀತಲ್ರಿ," ಎಂದಿತು ಯಂತ್ರ, ಬಹಳ ದಣಿದ ದನಿಯಲ್ಲಿ. ಶೆಡ್ಡಿನೊಳಗೆ ಲೇತು ನಿಂತಿತು. ಮತ್ತೆ ತಿರುಗಲಿಲ್ಲ.

ಪರೀಕ್ಷೆಗಳಲ್ಲೆಲ್ಲ ಬೇರಿಂಗು ಗೆದ್ದಿತು. ಇನ್ನು ಬೇಕಾದದ್ದು ಪರಿಶೀಲನಾ ಸಮಿತಿಯ ಒಪ್ಪಿಗೆ ಮಾತ್ರ. ಏಕಧಾರಾದ ಮುದ್ರೆಯಿಲ್ಲದ ವಸ್ತುವನ್ನು ಯಾವ ಆಸ್ಪತ್ರೆಯೂ ಎದೆಯೊಳಗೆ ಇಳಿಸುವುದಿಲ್ಲ. ಮೌನೇಶ ನಂಬಿಕೆಯಿಂದಲೇ ಸಭೆಗೆ ಹೋದ. ಅವನೂ ಸದಸ್ಯನೇ. ಉದ್ದ ಮೇಜಿನ ಕೊನೆಯಲ್ಲಿ, ಕುರ್ಚಿಯ ಮೇಲೆ, ಎದುರು ಶೆಡ್ಡಿನ ಧ್ವನಿಫಲಕವನ್ನು ಇಟ್ಟಿದ್ದರು.

ಅವನು ವಿವರಿಸಿ ಮುಗಿಸಿದ ಮೇಲೆ ಮೊದಲು ಮಾತಾಡಿದ್ದು ಅದೇ. ದನಿ ಬದಲಾಗಿತ್ತು. ಓಣಿಯ ಎಳೆತ ಹೋಗಿ, ಅಚ್ಚುಕಟ್ಟಾದ ಕಚೇರಿಯ ಭಾಷೆ ಬಂದಿತ್ತು.

"ಪ್ರಸ್ತಾವ ಚೆನ್ನಾಗಿದೆ. ಆದರೆ ಈಗಿರುವ ರೇಚಕಕ್ಕೂ ಬೇಡಿಕೆ ಚೆನ್ನಾಗಿಯೇ ಇದೆ. ಮಾರುಕಟ್ಟೆಯಲ್ಲಿ ನಮಗೆ ಎದುರಾಳಿಗಳಿಲ್ಲ. ಅವಸರವೇಕೆ?"

"ಇದು ನೀನೇ ಮಾಡಿದ್ದಲ್ಲೋ!" ಎಂದ ಮೌನೇಶ.

"ಆಗ ನಾನು ಹೊರಗಿದ್ದೆ," ಎಂದಿತು ಅದು.

ಮೇಜಿನ ಸುತ್ತ ತಲೆಗಳು ಅಲ್ಲಾಡಿದವು. ಕವಾಟದ ಮುಂದೆ ಬೆವರುತ್ತಿದ್ದ ಎಂಜಿನಿಯರುಗಳ ಮುಖದಲ್ಲಿ ಬಹಳ ದಿನಗಳ ಮೇಲೆ ನೆಮ್ಮದಿ ಕಂಡಿತು. ಇನ್ನೂ ಹೆಚ್ಚಿನ ಅಧ್ಯಯನ ನಡೆಯಲಿ ಎಂದು ತೀರ್ಮಾನವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೌನೇಶ ಸುಮ್ಮನೆ ಕೂರಲಿಲ್ಲ. ಅಧ್ಯಕ್ಷರ ಕಾಲು ಹಿಡಿಯುವುದೊಂದು ಬಾಕಿ. ಅವರು ಸಮಿತಿಯತ್ತ ಕೈ ತೋರಿಸಿದರು, ಸಮಿತಿ ಅಧ್ಯಯನದತ್ತ. ಹೊಸದಾಗಿ ಇನ್ನೊಂದು ಸ್ಪರ್ಧಾಯಂತ್ರ ಕಟ್ಟೋಣವೆಂದರೆ ಅದಕ್ಕೆ ಕಲಿಸಲು ಬೇರೆ ಜೀವನಗಳೆಲ್ಲಿವೆ? ಅದೂ ಒಂದು ದಿನ ಹಿತ್ತಾಳೆ ಹೊದಿಸಿ ದಾರಿ ಕಾಯುತ್ತದೆ, ಹಾರ ಹಾಕಿಸಿಕೊಂಡು ಒಳಗೆ ಬಂದು ಕುರ್ಚಿಯಲ್ಲಿ ಕೂರುತ್ತದೆ. ಸಭೆಯಿಂದ ಸಭೆಗೆ ಓಡಾಡಿ ಅವನು ಸೋತ. ಆಕ್ಷೇಪಗಳಿಗೆ ಉತ್ತರ ಹೊಂದಿಸುತ್ತ ಹೊಂದಿಸುತ್ತ ಅವು ಅವನಿಗೆ ಬಾಯಿಪಾಠವಾದವು.

ಸಂಕ್ರಾಂತಿ ಕಳೆದ ಒಂದು ಮಧ್ಯಾಹ್ನ ಅವನು ಮನೆಗೆ ಬೇಗ ಬಂದ. ನಾಗವೇಣಿ ಕಿಟಕಿಯ ಬಳಿ ದಿಂಬಿಗೆ ಒರಗಿದ್ದಳು. ಹೊಲಿಗೆ ತರಗತಿ ನಿಲ್ಲಿಸಿ ಒಂದು ವಾರವಾಗಿತ್ತು. ತುಟಿಗಳು ನೀಲಿಗಟ್ಟಿದ್ದವು. ಕರಕರ ಸದ್ದು ಈಗ ಬಾಗಿಲಿನವರೆಗೂ ಕೇಳುತ್ತಿತ್ತು.

"ಆ ಹೊಸಾದು ಯಾವಾಗ ಬರ್ತೈತೋ?" ಎಂದಳು.

ಅವನಿಗೆ ಅವಳನ್ನು ಹೆದರಿಸಲು ಮನಸ್ಸಾಗಲಿಲ್ಲ. ಹತ್ತಿರ ಕೂತು, ಕೈ ಹಿಡಿದುಕೊಂಡು, ಬಹಳ ಮೆತ್ತಗೆ, ಸಮಾಧಾನದ ದನಿಯಲ್ಲಿ ಹೇಳಿದ.

"ಈಗಿಂದೂ ಚಲೋನ ನಡದೈತಲ್ಲಕ್ಕಾ. ಅವಸರ ಯಾಕ?"

ಹೇಳಿ ಮುಗಿಸಿದ ಮೇಲೆ ಆ ಮಾತು ಯಾರದೆಂದು ಅವನಿಗೆ ಹೊಳೆಯಿತು. ಹಿಡಿದಿದ್ದ ಕೈ ತಣ್ಣಗಾಯಿತು. ಅವನದೋ ಅವಳದೋ ತಿಳಿಯಲಿಲ್ಲ.

ನಾಗವೇಣಿ ಅವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ.

"ಅಪ್ಪನೂ ವರ್ಕ್‌ಶಾಪ್ ಕೊಟ್ಟ ಮ್ಯಾಲ ಆ ಸಮಿತಿಯೊಳಗ ಕೂತಿದ್ದ," ಎಂದಳು. "ಯಾವನೋ ಒಬ್ಬ ಹುಡುಗ ಹಿಂಥಾದ್ದ ಒಂದು ಬೇರಿಂಗ್ ತಗೊಂಡ್ ಮನೀತನಾ ಬಂದಿದ್ದ. ಅಪ್ಪ ಅವಗ ಚಾ ಕುಡಿಸಿ, ಹಿಂಗ ಕೈ ಹಿಡದು, ಇದ ಮಾತು ಹೇಳಿ ಕಳಿಸಿದ್ದ. ಆಗ ನನ್ನ ಗುಂಡಿಗಿ ಗಟ್ಟಿ ಇತ್ತು, ನಾನೂ ನಕ್ಕಿದ್ದೆ."

ಅವಳು ಕಣ್ಣು ಮುಚ್ಚಿಕೊಂಡಳು. ಕೋಣೆಯಲ್ಲಿ ಆ ಸವೆದ ಬೇರಿಂಗಿನ ಸದ್ದು ಕೇಳುತ್ತಲೇ ಇತ್ತು. ಅದು ನಿಲ್ಲುವವರೆಗೂ ಅವನು ಕೈ ಬಿಡದೆ ಕೂತಿದ್ದ.